ಟವೆಲ್ಲಿನ ಕೆಳಗಿನ ಸುದ್ದಿ

ನರಹರಿಯವರು ಸುದ್ದಿ ನೋಡುವ ಮೊದಲು ಟಿವಿಗೆ ಟವೆಲ್ ಹೊದಿಸುತ್ತಾರೆ. ಬಿಳಿಯದು, ಅಂಚಿಗೆ ನೀಲಿ ಪಟ್ಟಿ, ಲಿಂಗಸುಗೂರಿನ ಸಂತೆಯಲ್ಲಿ ಕೊಂಡದ್ದು. ಗೋಡೆಯ ಟಿವಿಯ ನೆತ್ತಿಯ ಹಿಂದೆ ಅದರ ಒಂದು ತುದಿ ಸಿಕ್ಕಿಸಿದರೆ ಇನ್ನೊಂದು ತುದಿ ಪರದೆಯ ತಳದ ಹತ್ತಿರ ಬಂದು ನಿಲ್ಲುತ್ತದೆ. ನಾಲ್ಕು ಬೆರಳಿನಷ್ಟು ಜಾಗ ಉಳಿಯುತ್ತದೆ, ಅದರಲ್ಲಿ ಸುದ್ದಿಯ ಸಾಲು, ಸ್ಕ್ರೋಲ್, ಓಡುತ್ತದೆ. ದನಿ ಬಂದ್.

ಇದು ಮೊದಲು ಅವರ ಹೆಂಡತಿ ಗುಣವತಿಯವರು ಸಿಟ್ಟಿನಲ್ಲಿ ಮಾಡಿದ ಕೆಲಸ. ನರಹರಿಯವರು ರಕ್ಷಣಾ ಇಲಾಖೆಯ ಕಾರ್ಖಾನೆಯೊಂದರಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್ ಆಗಿದ್ದವರು. ಜನ್ಮವಿಡೀ ಯಂತ್ರದ ಬಿಡಿಭಾಗಗಳನ್ನು ಎತ್ತಿ, ತಿರುಗಿಸಿ, ‘ನಡಿಯಂಗಿಲ್ಲ’ ಎಂದು ಪಕ್ಕಕ್ಕಿಡುವುದೇ ಉದ್ಯೋಗ. ರಿಟೈರ್ ಆದ ಮೇಲೆ ಕೈಗೆ ಸಿಕ್ಕಿದ್ದು ಸುದ್ದಿ ಚಾನಲ್ಲುಗಳು. ಬೆಳಿಗ್ಗೆಯಿಂದ ಸಂಜೆಯವರೆಗೆ ಅವುಗಳ ಎದುರು ಕೂತು ಬೈಯುತ್ತಿದ್ದರು. ಬೈಯಲಿಕ್ಕಾಗಿಯೇ ನೋಡುತ್ತಿದ್ದರು. ಒಂದು ದಿನ ನಟಿಯೊಬ್ಬಳ ವಿಮಾನ ತಪ್ಪಿದ್ದರ ಕುರಿತು ನಾಲ್ವರು ಪಂಡಿತರು ಚರ್ಚೆ ಮಾಡುತ್ತಿದ್ದಾಗ ಇವರ ದನಿ ಬೀದಿಗೆ ಕೇಳಿಸಿತು. ಗುಣವತಿಯವರು ಹೆಗಲ ಮೇಲಿನ ಟವೆಲ್ ತೆಗೆದು ಟಿವಿಯ ಮುಖಕ್ಕೆ ಒಗೆದರು.

"ಇನ್ನ ಬೈರಿ. ಯಾರನ್ನ ಬೈತೀರಿ ನೋಡೂಣು."

ನರಹರಿಯವರು ಬೈಯಲಿಲ್ಲ. ಟವೆಲ್ಲಿನ ಕೆಳಗೆ ಓಡುತ್ತಿದ್ದ ಸಾಲು ಓದಿದರು. ಜಲಾಶಯದ ಮಟ್ಟ, ಮುಂದೆ ಹೋದ ಪರೀಕ್ಷೆ, ಮುಚ್ಚಿದ ಸೇತುವೆ, ಯಾವುದೋ ಕೊಳೆಗೇರಿಯಲ್ಲಿ ಜ್ವರ.

"ಲೇ ಗುಣೀ," ಅಂದರು, "ಖರೇ ಸುದ್ದಿ ಎಲ್ಲಾ ಕಾಲಾಗ ಬಿದ್ದಾವಲ್ಲ!"

ಆವತ್ತಿನಿಂದ ಟವೆಲ್ ಖಾಯಂ ಆಯಿತು. ಗುಣವತಿಯವರೂ ಪಕ್ಕದಲ್ಲಿ ಕೂತು ಓದಲು ನೋಡುತ್ತಾರೆ. ಇರುವುದು ತೆಲುಗಿನ ಊರು, ಚಾನಲ್ಲೂ ತೆಲುಗಿನದು. ತೆಲುಗು ಅಕ್ಷರ ಕನ್ನಡದ ಅಕ್ಕತಂಗಿಯಂತೆ ಇರುವುದರಿಂದ ಒಂದೊಂದಾಗಿ ಗುರುತು ಹಿಡಿಯುತ್ತಾರೆ. ಸಾಲಿನ ಅರ್ಧಕ್ಕೆ ಬರುವಷ್ಟರಲ್ಲಿ ಅದು ಎಡಗಡೆಯಿಂದ ಓಡಿಹೋಗಿರುತ್ತದೆ. "ಸೇತುವೆ ಮುಚ್ಚೈತಿ ಅನ್ನೂದು ತಿಳೀತು. ಯಾವ ಊರಾಗ ಅನ್ನೂದು ಅದು ತಗೊಂಡ ಹೋತು."

ಆ ಸಾಲುಗಳಲ್ಲಿ ಕೆಲವನ್ನು ಬರೆಯುವವಳು ಅವರ ಮೊಮ್ಮಗಳು ಲಹರಿ. ತೆಲುಗು ಚಾನಲ್ಲೊಂದರ ಸ್ಕ್ರೋಲ್ ಡೆಸ್ಕಿನಲ್ಲಿ ಅವಳ ಕೆಲಸ. ಪತ್ರಿಕೋದ್ಯಮ ಓದಿ, ದೇಶ ತಿದ್ದಬೇಕೆಂದು ಹೊರಟವಳಿಗೆ ತಿದ್ದಲು ಸಿಕ್ಕಿದ್ದು ಪರದೆಯ ತಳದ ನಾಲ್ಕು ಬೆರಳು. ಅದನ್ನೂ ತಾತ ಒಬ್ಬರೇ ಓದುತ್ತಾರೆಂದು ಅವಳ ಗುಮಾನಿ.

ಮನೆ ನಗರದ ಅಂಚಿಗೆ, ಕಾರ್ಖಾನೆಗಳ ಜೀಡಿಮೆಟ್ಲಾದ ಪಕ್ಕದ ಕಾಲೊನಿಯಲ್ಲಿ. ಮಗ ಉಪೇಂದ್ರ ಔಷಧ ಕಾರ್ಖಾನೆಯಲ್ಲಿ ಶಿಫ್ಟ್ ಸೂಪರ್‌ವೈಸರ್. ಸೊಸೆ ಭವಾನಿ ನಗರದ ನಡುವಿನ ಕೋಠಿಯಲ್ಲಿ ಸಗಟು ಔಷಧದ ಅಂಗಡಿಯಲ್ಲಿ ಕೆಲಸಕ್ಕೆ ಹೋಗುತ್ತಾಳೆ. ಬಂದ ಮಾಲಿನ ತಾರೀಖು ನೋಡಿ ಎತ್ತಿಡುವುದು, ಕಳಿಸುವುದು. ಅಂಗಡಿಯ ಇನ್ಸುಲಿನ್ ಫ್ರಿಜ್ಜಿನ ಕೀಲಿ ಅವಳ ಹತ್ತಿರವೇ ಇರುತ್ತದೆ. ಅದು ಮಾಲೀಕ ಅಮೋಲ್ ಸೇಠ್ ಕೊಟ್ಟ ಬಡ್ತಿ. ಪಗಾರದಲ್ಲಿ ಏನೂ ಹೆಚ್ಚಿಸದೆ ಕೊಟ್ಟದ್ದು. ಆದರೂ ಭವಾನಿ ಅದನ್ನು ದಿನಾ ಸಂಜೆ ಮನೆಯ ಬಾಗಿಲ ಪಕ್ಕದ ಮೊಳೆಗೆ ನೇತುಹಾಕುವ ರೀತಿ ನೋಡಿದರೆ, ಅದು ಫ್ರಿಜ್ಜಿನದೋ ಕೋಟೆಯದೋ ಎಂದು ಕೇಳುವಂತಿತ್ತು. ಬೆಳಿಗ್ಗೆ ಅವಳು ಹೋಗಿ ತೆರೆದ ಮೇಲೇ ದವಾಖಾನೆಗಳಿಗೆ ಇನ್ಸುಲಿನ್ ಹೊರಡುತ್ತಿತ್ತು.

ಕಾಲೊನಿಯ ತಿರುವಿನಿಂದ ನೇರ ಕೋಠಿಗೆ ಒಂದು ಬಸ್ಸಿತ್ತು. ಬೆಳಿಗ್ಗೆ ಹೋಗುವುದು, ಸಂಜೆ ತರುವುದು. ಭವಾನಿ ಇಳಿದು, ಸೆರಗು ಸಿಕ್ಕಿಸಿ ಎಸರಿಟ್ಟರೆ, ಸಂಜೆಯ ದೀಪ ಹಚ್ಚುವ ಹೊತ್ತಿಗೆ ಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ. ಗುಣವತಿಯವರು ಹೋದ ವರ್ಷ ಬಚ್ಚಲಲ್ಲಿ ಜಾರಿ ಮುಂಗೈ ಮುರಿದುಕೊಂಡ ಮೇಲೆ ಆ ಸಪ್ಪಳ ಭವಾನಿಯದೇ.

ಆ ಬಸ್ಸು ಒಂದು ಸೋಮವಾರ ಬರಲಿಲ್ಲ. ಮಂಗಳವಾರವೂ ಬರಲಿಲ್ಲ. ಯಾರೂ ಏನೂ ಹೇಳಲಿಲ್ಲ, ಫಲಕವಿಲ್ಲ, ಚೀಟಿಯಿಲ್ಲ. ತಿರುವಿನಲ್ಲಿ ಹೆಂಗಸರು ಆಧಾರ್ ಕಾರ್ಡು ಕೈಯಲ್ಲಿ ಹಿಡಿದು, ಪುಕ್ಕಟೆ ಪ್ರಯಾಣದ ಜೀರೊ ಟಿಕೆಟ್ಟಿಗಾಗಿ ನಿಂತೇ ಇದ್ದರು.

ಗುಣವತಿಯವರು ಮಧ್ಯಾಹ್ನ ಊಟ ಮುಗಿಸಿ ಡಿಪೋಗೆ ಫೋನ್ ಮಾಡಿದರು. ನಂಬರನ್ನು ಯಾವುದೋ ಹಳೆಯ ಬಸ್ಸಿನ ಹಿಂಬದಿಯಿಂದ ಎಂದೋ ಬರೆದುಕೊಂಡಿದ್ದರು.

"ಬಸ್ ಕಡಿಮಿ ಅದಾವಂತ," ಎಂದು ವರದಿ ಮಾಡಿದರು. "ನಮ್ಮದನ್ನ ಮೇನ್ ರೋಡಿಗೆ ಹಾಕ್ಯಾರಂತ. ಕಂಟ್ರೋಲರ್ ಭಾಳ ಮರ್ಯಾದಿ ಮನಶಾ. ಪಾಪ, ಮಣಕಾಲ ನೋವಂತ."

"ಬಸ್ ಕೇಳಾಕ ಫೋನ್ ಮಾಡಿದೇನು, ಮಣಕಾಲ ಕೇಳಾಕ?" ಅಂದರು ನರಹರಿ.

"ಅಂವಾ ನರಳಾಕತ್ತಿದ್ದ. ಕೇಳಲಾರದ ಇರತಾರೇನು?"

ಮರುದಿನ ಊಟವಾದ ಮೇಲೆ ಮತ್ತೆ ಫೋನ್ ಮಾಡಿದರು. ಅದರ ಮರುದಿನವೂ. ಮನೆಯಲ್ಲಿ ಯಾರೂ ಅದಕ್ಕೆ ಬೆಲೆ ಕೊಡಲಿಲ್ಲ. ಎಲೆ ಅಡಿಕೆಯ ಹಾಗೆ ಊಟದ ನಂತರದ ಒಂದು ಚಟ ಎಂದುಕೊಂಡರು.

ಭವಾನಿಗೆ ಈಗ ದಾರಿ ಎರಡು ತುಂಡಾಯಿತು. ಬಾಲಾನಗರದವರೆಗೆ ಷೇರ್ ಆಟೊ, ಅಲ್ಲಿಂದ ಮೆಟ್ರೊ. ಆಟೊದವನು ಜನ ತುಂಬುವವರೆಗೆ ಕದಲುವುದಿಲ್ಲ. ತುಂಬಿದ ಮೇಲೂ ಇನ್ನೊಬ್ಬರಿಗಾಗಿ ಕಾಯುತ್ತಾನೆ. ಬೆಳಿಗ್ಗೆ ಮುಂಚೆ ಹೊರಟರೂ ತಡ. ಸಂಜೆ ಮೆಟ್ರೊದ ಖರ್ಚು ಬೇಡವೆಂದು ಬಸ್ಸು ಬದಲಿಸುತ್ತ ಬರುವಾಗ ಇನ್ನೂ ತಡ. ಮನೆಯಲ್ಲಿ ಅನ್ನ ಶುರುವಾಯಿತು. ಮೊದಲ ವಾರ ನರಹರಿಯವರು ಅನ್ನವನ್ನು ಅತಿಥಿಯ ಹಾಗೆ ನೋಡಿಕೊಂಡರು. ಎರಡನೆಯ ವಾರ ತಟ್ಟೆಯ ಮುಂದೆ ಕೂತು ನಿಟ್ಟುಸಿರು ಬಿಡತೊಡಗಿದರು.

ಉಪೇಂದ್ರ ತಂದೆಯ ನಿಟ್ಟುಸಿರು ತಡೆಯಲಾರದೆ ಒಂದು ಸಂಜೆ ತಾನೇ ಹಿಟ್ಟಿಗೆ ಕೈ ಹಾಕಿದ. ನಾಲ್ಕು ರೊಟ್ಟಿ ಆದವು. ನರಹರಿಯವರು ಒಂದನ್ನು ಎತ್ತಿ, ತಿರುಗಿಸಿ, ಬೆಳಕಿಗೆ ಹಿಡಿದರು.

"ನಡಿಯಂಗಿಲ್ಲ."

"ತಿನ್ನಾಕ ಬರತೈತಪ್ಪಾ. ನೋಡಾಕ ಬರಂಗಿಲ್ಲ ಅಷ್ಟ."

"ದುಕಾನದಾಗ ಕಟಕ್ ರೊಟ್ಟಿ ಸಿಗತಾವ, ತರತೀನಿ ತಡೀರಿ," ಅಂದಳು ಭವಾನಿ, ಒಳಗೆ ಬಂದವಳು ಚಪ್ಪಲಿ ಬಿಡುತ್ತ.

"ಅದನ್ನ ತಿನ್ನಾಕ ಹಲ್ಲು ಯಾರದು ತರತಿ?" ಅಂದರು ಗುಣವತಿ. ಎಲ್ಲರೂ ನಕ್ಕರು. ನಗು ಮುಗಿದ ಮೇಲೆ ಭವಾನಿ ಕೀಲಿಯನ್ನು ಮೊಳೆಗೆ ಹಾಕಿದಳು. ಆವತ್ತು ಸ್ವಲ್ಪ ಹೊತ್ತು ಅದನ್ನೇ ನೋಡಿದಳು.

"ಸೇಠ್ ಇವತ್ತ ಅಂದ," ಎಂದಳು. "‘ಭವಾನಿ ಬಾಯಿ, ಇನ್ಸುಲಿನ್ ಗಾಡಿ ನಿಮ್ಮ ದಾರಿ ಕಾಯ್ತಾ ನಿಂತಿರತೈತಿ. ಹಿಂಗ ಆದ್ರ ಕೀಲಿ ಬ್ಯಾರೆಯವ್ರಿಗೆ ಕೊಡಬೇಕಾಗತೈತಿ’ ಅಂತ. ಕೀಲಿ ಹೋದ್ರ ನನ್ನ ಕೆಲಸ ಎಷ್ಟ ದಿನ ಉಳೀತೈತಿ?"

ನರಹರಿಯವರು ಟವೆಲ್ಲಿನ ಕಡೆ ಕೈ ಮಾಡಿ ಲಹರಿಯನ್ನು ಹಿಡಿದರು.

"ನಿನ್ನ ಚಾನಲ್ಲಿಗೆ ಇದು ಸುದ್ದಿ ಅಲ್ಲೇನು? ನೂರಾರು ಹೆಣ್ಮಕ್ಕಳು ದಿನಾ ನಿಂದರಾಕತ್ತಾರ. ಒಂದ ಸಾಲು ಹಾಕಾಕ ಬರಂಗಿಲ್ಲ?"

"ತಾತಾ, ನಾ ಹಾಕೂ ಸಾಲು ನಾ ಆರಸಂಗಿಲ್ಲ. ಮ್ಯಾಲಿನವ್ರು ಕೊಟ್ಟದ್ದನ್ನ ಸಣ್ಣ ಮಾಡಿ ಬರೀತೀನಿ. ಮತ್ತ ಈಗ ಮ್ಯಾಲಿನವ್ರಿಗೆ ಪುರಸೊತ್ತಿಲ್ಲ. ಕಾಜು ಕಳದೈತಿ."

"ಯಾವ ಕಾಜು?"

ಹೀರೊ ಒಬ್ಬನ ನಾಯಿ ಅದು. ಬೆಳ್ಳಗೆ, ಗುಂಡಗೆ, ಮುಖ ಎಲ್ಲಿದೆಯೆಂದು ಕೂದಲು ಸರಿಸಿ ಹುಡುಕಬೇಕು. ಅದು ಜ್ಯುಬಿಲಿ ಹಿಲ್ಸಿನ ಬಂಗಲೆಯಿಂದ ಕಾಣೆಯಾಗಿ ಕೆಲವು ದಿನವಾಗಿತ್ತು. ಎಲ್ಲ ಚಾನಲ್ಲುಗಳೂ ಅದರ ಬೆನ್ನು ಹತ್ತಿದ್ದವು. ನಾಯಿ ಕೊನೆಗೆ ನಡೆದ ಬೀದಿಯಲ್ಲಿ ವರದಿಗಾರರು ನಡೆದು ತೋರಿಸಿದರು. ಅದರ ಕೂದಲು ಕತ್ತರಿಸುವವನು ಗದ್ಗದಿತನಾದ. ಒಬ್ಬ ಜ್ಯೋತಿಷಿ ಅದರ ಜನ್ಮನಕ್ಷತ್ರ ಕೇಳಿದ. ಇದೆಲ್ಲ ಟವೆಲ್ಲಿನ ಹಿಂದೆ ನಡೆದದ್ದರಿಂದ ನರಹರಿಯವರಿಗೆ ತಿಳಿದಿರಲಿಲ್ಲ.

"ಒಂದು ನಾಯಿ ಸಲವಾಗಿ?" ಅಂದರು ನರಹರಿ. ಹಳೆಯ ದನಿ ಬಂತು.

"ಬೀದಿಗೆ ಕೇಳಸತೈತಿ," ಅಂದರು ಗುಣವತಿ.

ಮುಂದಿನ ದಿನಗಳಲ್ಲಿ ತಾತ-ಮೊಮ್ಮಗಳ ಜಗಳ ಊಟದ ಜೊತೆ ನೆಂಚಿಕೊಳ್ಳುವ ಪದಾರ್ಥವಾಯಿತು. ‘ಹಾಕಿದೇನು?’ ‘ಇಲ್ಲ.’ ‘ಕೇಳಿದೇನು?’ ‘ಕೇಳಿದೆ ತಾತಾ. ದೃಶ್ಯ ಐತೇನು ಅಂದ್ರು.’ ‘ಬರಲಾರದ ಬಸ್ಸಿಗೆ ದೃಶ್ಯ ಎಲ್ಲಿಂದ ತರೂದು?’ ‘ಅದನ್ನ ನಾನೂ ಕೇಳಿದೆ. ನಕ್ಕರು.’ ಹೀಗೆ. ಲಹರಿಗೂ ರೋಸಿಹೋಗಿತ್ತು. ಒಮ್ಮೆ ಅವಳು ಬರೆದ ಸಾಲುಗಳಲ್ಲಿ ಸರ್ಕಾರಿ ಶಾಲೆಯೊಂದರ ಛಾವಣಿ ಕುಸಿದದ್ದೂ ಇತ್ತು. ಅದನ್ನು ತೆಗೆದು ಕಾಜುವಿನ ಇಷ್ಟದ ತಿಂಡಿ ಹಾಕಿಸಿದ್ದರು.

ಕೊನೆಗೊಂದು ದಿನ ಸಂಜೆಯ ಪಾಳಿಯಲ್ಲಿ ಕೂತಿದ್ದ ಲಹರಿ ಮನೆಗೆ ಫೋನ್ ಮಾಡಿದಳು. "ತಾತಾ, ಮ್ಯಾಲಿನವ್ರು ಎಲ್ಲಾ ಕಾಜು ಗದ್ದಲದಾಗ ಅದಾರ. ನಾ ಬಸ್ಸಿನ ಸಾಲು ಸೇರಿಸೀನಿ. ಬೈದ್ರ ಬೈಸಿಕೋತೀನಿ. ಆರೂವರಿ ಸುದ್ದಿ ನೋಡು."

ನರಹರಿಯವರು ಟವೆಲ್ ಎಳೆದು ಅಂಚು ಸರಿಮಾಡಿದರು. ಕನ್ನಡಕ ಒರೆಸಿದರು. ಬೆಳಗಿನ ಪಾಳಿ ಮುಗಿಸಿ ಬಂದಿದ್ದ ಉಪೇಂದ್ರನನ್ನು ಪಕ್ಕಕ್ಕೆ ಕೂರಿಸಿಕೊಂಡರು. ಗುಣವತಿಯವರು ಈ ಸಲ ಪೂರ್ತಿ ಓದಿಯೇ ತೀರುವೆನೆಂದು ಟಿವಿಗೆ ಮೊಳ ದೂರದಲ್ಲಿ ಕುರ್ಚಿ ಹಾಕಿಕೊಂಡರು. ಈರುಳ್ಳಿ ದರ ಹೋಯಿತು. ಮೂಸಿ ನದಿಯ ಮೇಲೊಂದು ರಸ್ತೆ ಬಂದ್ ಹೋಯಿತು. ಟವೆಲ್ಲಿನ ಹಿಂದೆ ಬೆಳಕು ಬಣ್ಣ ಬಣ್ಣವಾಗಿ ಕುಣಿಯುತ್ತಿತ್ತು.

"ಬಂತು!" ಎಂದ ಉಪೇಂದ್ರ.

ಬಂತು. ಜೀಡಿಮೆಟ್ಲಾ ಕಾಲೊನಿಯಿಂದ ಕೋಠಿಗೆ ಹೋಗುವ ಬಸ್ಸು ವಾರಗಳಿಂದ ಇಲ್ಲ, ಮಹಿಳೆಯರ ಪರದಾಟ. ನರಹರಿಯವರು ದೊಡ್ಡ ದನಿಯಲ್ಲಿ, ಮಗ್ಗಿ ಒಪ್ಪಿಸುವವರಂತೆ ಓದಿದರು. ಗುಣವತಿಯವರು ‘ಕೋಠಿಗೆ’ಯವರೆಗೆ ಮುಟ್ಟಿದರು.

"ನೋಡಿದೇನು? ಪರದಾಟ ಅಂದಾಳ. ಚಲೋ ಮಾತು ಹಾಕ್ಯಾಳ ಹುಡುಗಿ!"

ಆಗ ಮೇಲಿನ ಮನೆಯ ಪ್ರಾಜಕ್ತಾ ಮೆಟ್ಟಿಲಿನಿಂದಲೇ ಕೂಗುತ್ತ ಇಳಿದು ಬಂದಳು. "ಕಾಕಾ! ಭವಾನಿ ಭಾಭಿ ಟಿವಿ ಮೇ ಹೈ! ದೇಖೋ, ದೇಖೋ!"

"ಸಾಲು ನೋಡಿದಿವಿ ಬೇಟಾ, ಈಗಷ್ಟ ಬಂತು."

"ಸಾಲು ನಹೀ ಕಾಕಾ, ಭಾಭಿ! ಭಾಭಿ ಖುದ್!"

ಅವಳು ತಡೆಯಲಾರದೆ ಟವೆಲ್ ಕಿತ್ತಳು. ಪರದೆಯ ಮೇಲೆ ಒಂದು ಬೆಳ್ಳನೆಯ ನಾಯಿ ಬಟ್ಟಲಿನಿಂದ ಏನನ್ನೋ ತಿನ್ನುತ್ತಿತ್ತು. ಅದು ಕಾಜು ಅಲ್ಲ. ನಾಯಿ ತಿಂಡಿಯ ಜಾಹೀರಾತು.

ನಡೆದದ್ದು ಪ್ರಾಜಕ್ತಾಳ ಫೋನಿಗೆ ಬಂದ ವಿಡಿಯೊ ತುಣುಕಿನಿಂದ ಅವರಿಗೆ ತಿಳಿಯಿತು. ಕೋಠಿಯ ಬಸ್ ಸ್ಟಾಪಿನಲ್ಲಿ ವರದಿಗಾರನೊಬ್ಬ ಮೈಕು ಹಿಡಿದು, ಕಾಜುವಿನ ಫೋಟೊ ತೋರಿಸಿ, ನಿಂತವರನ್ನೆಲ್ಲ ನೇರಪ್ರಸಾರದಲ್ಲಿ ಕೇಳುತ್ತಿದ್ದ. ‘ಕನಿಪಿಂಚಿಂದಾ ಅಮ್ಮಾ?’ ಭವಾನಿ ಸೆರಗು ಸರಿಮಾಡಿಕೊಂಡು, ತೆಲುಗಿನಲ್ಲಿ, ಔಷಧದ ಪೆಟ್ಟಿಗೆಯ ಮೇಲಿನ ವಿವರ ಓದುವ ದನಿಯಲ್ಲಿ ಹೇಳಿದ್ದಳು: ನಾಯಿ ಕಾಣಿಸಿಲ್ಲ ತಮ್ಮಾ. ಆದರೆ ಅದಕ್ಕಿಂತ ಮೊದಲು ನಮ್ಮ ಕೋಠಿ ಬಸ್ಸು ಕಳೆದಿದೆ, ಅದನ್ನೂ ಬರೆದುಕೋ. ಬಣ್ಣ ಕೆಂಪು. ಹಿಂದಿನ ಬಾಗಿಲು ಪೂರ್ತಿ ಮುಚ್ಚುವುದಿಲ್ಲ. ಕಿಟಕಿಯ ಒಂದು ಗಾಜಿಗೆ ರಟ್ಟು ಹಚ್ಚಿದೆ. ಕರೆದರೆ ನಿಲ್ಲುವುದಿಲ್ಲ, ಓಡಿದರೆ ನಿಲ್ಲುತ್ತದೆ. ಯಾರಿಗಾದರೂ ಸಿಕ್ಕರೆ ಹೊಡೆಯಬೇಡಿ, ನಮ್ಮ ಕಾಲೊನಿಗೆ ಕಳಿಸಿಕೊಡಿ.

ಪಕ್ಕದ ಹೆಂಗಸರು ಬಿದ್ದು ಬಿದ್ದು ನಗುತ್ತಿದ್ದರು. ವರದಿಗಾರನೂ ನಕ್ಕಿದ್ದ. ಕೆಳಗೆ, ಅವಳ ಎದೆಯ ಮಟ್ಟದಲ್ಲಿ, ಮಗಳು ಬರೆದ ಸಾಲು ಓಡುತ್ತಿತ್ತು.

ನರಹರಿಯವರು ಆ ತುಣುಕನ್ನು ಮತ್ತೆ ಮತ್ತೆ ನೋಡಿದರು. ಕೊನೆಗೆ ಟವೆಲ್ ಮಡಿಚಿ ತೊಡೆಯ ಮೇಲಿಟ್ಟುಕೊಂಡರು.

"ನಾವು ಮನ್ಯಾಗ ಇದ್ದು, ಟಿವಿ ಮುಂದ ಕುಂತು, ನಮ್ಮ ಸೊಸಿನ್ನ ನೋಡಲಿಲ್ಲ," ಅಂದರು.

"ಮುಚ್ಚಿದವ್ರು ಯಾರು?" ಅಂದರು ಗುಣವತಿ.

"ಮದಲ ಒಗದಾಕಿ ನೀನ ಅಲ್ಲೇನು?"

ಭವಾನಿ ಮನೆಗೆ ಬಂದಾಗ ಬಾಗಿಲಲ್ಲಿ ಅರ್ಧ ಕಾಲೊನಿ ನಿಂತಿತ್ತು. ಅವಳು ಮೊದಲು ಕೇಳಿದ್ದು, "ಕುಕ್ಕರ್ ಯಾರರ ಇಟ್ಟೀರೇನು?" ಯಾರೂ ಇಟ್ಟಿರಲಿಲ್ಲ.

ಒಂದು ವಾರ ಆ ಮನೆ ಮೆರೆಯಿತು. ತುಣುಕು ಫೋನಿನಿಂದ ಫೋನಿಗೆ ಹಾರಿ ರಾಯಚೂರು ಮುಟ್ಟಿ, ಲಿಂಗಸುಗೂರು ಮುಟ್ಟಿ, ಗುಣವತಿಯವರ ತಂಗಿ ಕೃಷ್ಣಾಬಾಯಿಯವರಿಂದ ‘ಭವಾನಿ ಸೀರಿ ಯಾವ ಅಂಗಡೀದು?’ ಎಂಬ ಪ್ರಶ್ನೆಯಾಗಿ ತಿರುಗಿ ಬಂತು. ಅಮೋಲ್ ಸೇಠ್ ಅಂಗಡಿಗೆ ಬಂದವರಿಗೆಲ್ಲ ‘ಇವರೇ’ ಎಂದು ತೋರಿಸಿದ. ತೋರಿಸಿ, ಸಂಜೆ ಮತ್ತೆ ಕೇಳಿದ: "ಆದ್ರ ಬಾಯಿ, ಬೆಳಿಗ್ಗೆ ಗಾಡಿ ನಿಂತಿರತೈತಲ್ಲ, ಅದಕ್ಕೇನು ಮಾಡೂದು?" ಹೆಸರಿನ ಜೊತೆ ಬಸ್ಸು ಬಂದಿರಲಿಲ್ಲ.

ಲಹರಿಯನ್ನು ಮೇಲಿನವರು ಬೈಯಲಿಲ್ಲ. ಅದಕ್ಕಿಂತ ಕಷ್ಟದ್ದು ಮಾಡಿದರು. ಕೋಣೆಗೆ ಕರೆದು ಚಹಾ ತರಿಸಿದರು.

"ಅವ್ವಾ," ಎಂದಳು ಅವಳು ಊಟದ ಹೊತ್ತಿಗೆ, ತಟ್ಟೆ ನೋಡುತ್ತ. "ನಿನ್ನ ಸ್ಟುಡಿಯೋಕ್ಕ ಕರದಾರ. ಕಾಜು ಮ್ಯಾಲ ಚರ್ಚಾ ಐತಿ. ‘ಬಸ್ ಅಮ್ಮ’ ಅಂತ ಹೆಸರು ಹಾಕ್ತಾರಂತ."

"ಬಸ್ಸಿನ ಮ್ಯಾಲ ಎಷ್ಟೊತ್ತು ಮಾತಾಡಾಕ ಕೊಡತಾರ?"

"ಅದನ್ನ ಕೇಳಿದೆ. ಕೊನೀಗೆ ಟೈಮ್ ಉಳದ್ರ ಅಂದ್ರು."

"ಹೋಗು ಹೋಗು," ಅಂದರು ನರಹರಿ. ಎಲ್ಲರೂ ಅವರನ್ನು ನೋಡಿದರು. "ಅಲ್ಲ, ಅಲ್ಲಿ ಹೋಗಿ ಕುಂತು ಗಟ್ಟಿಯಾಗಿ ಹೇಳಬೇಕು. ನಾ ಬೇಕಂದ್ರ ಜೋಡಿ ಬರತೀನಿ."

"ಮಾವಾರ, ನೀವು ಟಿವಿಯೊಳಗ ಹೋದ್ರ ಟವೆಲ್ ಯಾರ ಮ್ಯಾಲ ಹಾಕೂದ್ರಿ?" ಎಂದಳು ಭವಾನಿ. ಉಪೇಂದ್ರನಿಗೆ ನೆತ್ತಿಗೇರಿ ನೀರು ಕುಡಿಸಬೇಕಾಯಿತು.

ಅವಳು ಹೋಗಲಿಲ್ಲ. "ಸಂಜಿ ಅಡಗಿ ಬಿಟ್ಟು ನಾಯಿ ಬಗ್ಗೆ ಏನು ಹೇಳಲಿ? ನನಗ ಅದರ ಪರಿಚಯನ ಇಲ್ಲ." ಅದೂ ಒಳ್ಳೆಯದೇ ಆಯಿತು, ಯಾಕೆಂದರೆ ಚರ್ಚೆಯ ದಿನ ಬೆಳಿಗ್ಗೆ ಕಾಜು ಸಿಕ್ಕಿತು. ಪಕ್ಕದ ಬಂಗಲೆಯಲ್ಲೇ ಇತ್ತು. ಅಲ್ಲಿನ ತಿಂಡಿ ಹಿಡಿಸಿತ್ತಂತೆ. ಚಾನಲ್ಲುಗಳು ಎರಡು ದಿನ ಆನಂದಬಾಷ್ಪ ಸುರಿಸಿದವು. ಮೂರನೆಯ ದಿನ ಬೇರೊಬ್ಬ ಹೀರೊನ ಮನೆಗೆ ಹೊಸ ಕಾರು ಬಂತು. ‘ಬಸ್ ಅಮ್ಮ’ನನ್ನು ಯಾರೂ ಕೇಳಲಿಲ್ಲ. ತಿರುವಿನಲ್ಲಿ ಹೆಂಗಸರು ಆಧಾರ್ ಹಿಡಿದು ನಿಲ್ಲುವುದನ್ನೂ ಬಿಟ್ಟಿದ್ದರು.

ಆ ವಾರದ ಕೊನೆಗೆ ಭವಾನಿ ಬರುವಾಗ ತೀರಾ ಕತ್ತಲಾಗಿತ್ತು. ಸೇಠ್ ಖಂಡಿತ ಮಾಡಿದ್ದ: ತಿಂಗಳು ಮುಗಿಯುವವರೆಗೆ ನೋಡುತ್ತೇನೆ, ಆಮೇಲೆ ಕೀಲಿ ಅಂಗಡಿಯಲ್ಲಿ ಇಟ್ಟು ಹೋಗಬೇಕು. ಅವಳು ಅದನ್ನು ಹೇಳಿ ನೇರ ಒಲೆಯ ಹತ್ತಿರ ಹೋದಳು. ಅನ್ನಕ್ಕೆ ಬೇಳೆ, ಬೇಳೆಗೆ ನಿನ್ನೆಯ ಒಗ್ಗರಣೆ.

"ಬಿಟ್ಟಬಿಡು ಅತ್ಲಾಗ," ಅಂದರು ನರಹರಿ. ಕೆಟ್ಟದ್ದಾಗಿ ಹೇಳಲಿಲ್ಲ. "ಉಪೇಂದ್ರಂದು ಐತಿ, ನನ್ನ ಪೆನ್ಶನ್ ಐತಿ. ಇಷ್ಟ್ಯಾಕ ಬಡದಾಡಬೇಕು? ನೀ ಮನ್ಯಾಗ ಇದ್ರ ಹೊತ್ತಿಗೆ ಸರಿಯಾಗಿ ಒಂದು ರೊಟ್ಟಿನಾರ..."

"ತಾತಾ," ಎಂದಳು ಲಹರಿ.

"ಏನು?"

"ನೀನು ನಮ್ಮ ಚಾನಲ್ಲಿಗೆ ದಿನಾ ಬೈತಿ. ಈ ಮನ್ಯಾಗ ಏನ್ ನಡದೈತಿ? ತಿಂಗಳಾತು, ಮ್ಯಾಲ ದೊಡ್ಡದಾಗಿ ನಿನ್ನ ರೊಟ್ಟಿ ಸುದ್ದಿ ನಡದೈತಿ. ಅವ್ವನ ನೌಕರಿ ಕೆಳಗ ಓಡಾಕತ್ತೈತಿ. ಅರ್ಧ ಓದೂದ್ರಾಗ ಹೋಗಿಬಿಡತೈತಿ."

ಉಪೇಂದ್ರ ‘ಏಯ್’ ಎಂದ. ಭವಾನಿ ಒಲೆಯ ಹತ್ತಿರದಿಂದ, "ಲಹರಿ, ತಾತಗ ಹಂಗ ಅನಬಾರದು," ಎಂದಳು. ಆದರೆ ತಿರುಗಿ ನೋಡಲಿಲ್ಲ. ಗುಣವತಿಯವರು ಮಾತ್ರ ಉಪ್ಪಿನಕಾಯಿಯ ಭರಣಿ ಮೊಮ್ಮಗಳ ಕಡೆ ಸರಿಸಿದರು. ಆ ಮನೆಯಲ್ಲಿ ಅದು ದೊಡ್ಡ ಬಹುಮಾನ.

ನರಹರಿಯವರು ಅನ್ನ ಕಲಸಿದರು. ಒಂದೂ ನಿಟ್ಟುಸಿರಿಲ್ಲದೆ ಪೂರ್ತಿ ಉಂಡು, ತಟ್ಟೆಯನ್ನು ತಾವೇ ತೊಳೆದಿಟ್ಟರು. ಮದುವೆಯಾದಾಗಿನಿಂದ ಅವರು ತಟ್ಟೆ ತೊಳೆದದ್ದು ಗುಣವತಿಯವರಿಗೆ ನೆನಪಿರಲಿಲ್ಲ. ಅದನ್ನು ಮರುದಿನ ಗುಣವತಿಯವರೇ ಮತ್ತೊಮ್ಮೆ ತೊಳೆಯಬೇಕಾಯಿತು, ಆ ಮಾತು ಬೇರೆ.

ಮುಂದಿನ ದಿನಗಳಲ್ಲಿ ಮನೆಯ ಜೋಳದ ಹಿಟ್ಟು ಯಾರೂ ರೊಟ್ಟಿ ಮಾಡದಿದ್ದರೂ ಇಳಿಯತೊಡಗಿತು. ಮಧ್ಯಾಹ್ನ ಬಾಗಿಲು ಹಾಕಿಕೊಂಡು ಗಂಡ ಹೆಂಡತಿ ಏನೋ ವಾದ ಮಾಡುವುದು ಪ್ರಾಜಕ್ತಾಳಿಗೆ ಮೇಲೆ ಕೇಳಿಸುತ್ತಿತ್ತು. ‘ಎಸರು ಕುದೀಲಿ.’ ‘ಕುದದೈತಿ.’ ‘ಅದು ಕುದದದ್ದಲ್ಲ, ಬೆಚ್ಚಗಾಗಿದ್ದು.’ ‘ಕೈ ಸುಡತೈತಿ.’ ‘ನಂದೇನು ಐವತ್ತು ವರ್ಷ ತಂಪಾಗಿತ್ತೇನು?’ ಹೊರಗೆ ಕಟ್ಟೆಯ ಮೇಲಿನ ಕಾಗೆಗಳು ಆ ವಾರ ಚೆನ್ನಾಗಿ ಮೈಕೈ ತುಂಬಿಕೊಂಡವು.

ಫೋನ್ ಮಾತ್ರ ನಿಲ್ಲಲಿಲ್ಲ. ಊಟವಾದ ಮೇಲೆ, ಮುಂಗೈಗೆ ಎಣ್ಣೆ ಸವರಿಕೊಳ್ಳುತ್ತ, ಗುಣವತಿಯವರು ಡಿಪೋದ ಕಂಟ್ರೋಲರನ್ನು ವಿಚಾರಿಸುತ್ತಿದ್ದರು. ಮಣಕಾಲು ಹೇಗಿದೆ, ಎಳ್ಳೆಣ್ಣೆ ಹಚ್ಚಿದೆಯಾ, ಬಸ್ಸು ಯಾವಾಗ. ಸಿಟ್ಟಿಲ್ಲ, ಗದರಿಕೆಯಿಲ್ಲ. ಆತನಿಗೆ ಬೇರೆಯವರ ಬೈಗುಳವೆಲ್ಲ ರೂಢಿಯಾಗಿತ್ತು, ಮರೆತುಬಿಡಬಹುದಿತ್ತು. ಈ ತಾಯಿ ನಾಳೆ ಮತ್ತೆ ಕೇಳುತ್ತಾಳೆ ಎಂಬುದನ್ನು ಮರೆಯಲು ಆಗುತ್ತಿರಲಿಲ್ಲ.

ತಿಂಗಳ ಕೊನೆಯ ವಾರ ಫೋನ್ ಆ ಕಡೆಯಿಂದ ಬಂತು.

"ಅಮ್ಮಾ, ರಿಪೇರಿಗೆ ಹೋದ ಎರಡು ಬಸ್ಸು ಬಂದವು, ಮೇನ್ ರೋಡಿಗೆ ಹಾಕಿದ್ದ ನಿಮ್ಮದೂ ಅದರಲ್ಲಿದೆ. ದೊಡ್ಡ ಸಾಹೇಬರು ಎಲ್ಲಿಗೆ ಹಾಕೋಣ ಅಂದರು. ನಿಮ್ಮ ಕಾಲೊನಿ ಹೆಸರು ನನ್ನ ಬಾಯಿಂದ ತಾನೇ ಬಂತು. ನಾಳೆಯಿಂದ ಬರುತ್ತೆ," ಎಂದ ಆತ ತೆಲುಗಿನಲ್ಲಿ. ಸ್ವಲ್ಪ ತಡೆದು ಸೇರಿಸಿದ: "ಇನ್ನು ನಾಳೆ ಫೋನ್ ಮಾಡೋದು ಬೇಡಮ್ಮಾ."

"ನಾಳೆ ಬಂತು ಅಂತ ಹೇಳಲಿಕ್ಕೆ ಮಾಡತೀನಿ," ಅಂದರು ಗುಣವತಿ ತಮ್ಮ ತೆಲುಗಿನಲ್ಲಿ. "ಮತ್ತೆ ಮಣಕಾಲದ ಮಾತು ಮುಗಿದಿಲ್ಲ."

ಮರುದಿನ ಬೆಳಿಗ್ಗೆ ಬಸ್ಸು ಬಂತು. ಕೆಂಪು, ಹಿಂದಿನ ಬಾಗಿಲು ಈಗಲೂ ಪೂರ್ತಿ ಮುಚ್ಚುತ್ತಿರಲಿಲ್ಲ. ರಿಪೇರಿಯಲ್ಲಿ ಏನು ಮಾಡಿದರೋ, ಕಿಟಕಿಯ ರಟ್ಟು ಮಾತ್ರ ಹೊಸದು. ಭವಾನಿ ಕೀಲಿಯನ್ನು ಚೀಲಕ್ಕೆ ಹಾಕಿಕೊಂಡು ಹತ್ತಿದಳು. ಇನ್ಸುಲಿನ್ ಗಾಡಿ ಬರುವ ಮೊದಲೇ ಫ್ರಿಜ್ ತೆರೆದಿತ್ತು. ಅಮೋಲ್ ಸೇಠ್ ಗಡಿಯಾರ ನೋಡಿದ, ಅವಳನ್ನು ನೋಡಿದ, ಎರಡು ಚಹಾಕ್ಕೆ ಹೇಳಿದ. ಸಂಜೆಯವರೆಗೂ ಕೀಲಿಯ ಮಾತೇ ಎತ್ತಲಿಲ್ಲ.

ಮನೆಯಲ್ಲಿ ನರಹರಿಯವರು ಲಹರಿಗೆ ಫೋನ್ ಹಚ್ಚಿದರು. "ಬಸ್ ಬಂದಿದ್ದು ಹಾಕ್ತೀಯೇನು?"

"ಬರದು ಕೊಟ್ಟೀನಿ ತಾತಾ. ತಗದರು. ಬಸ್ ಬರೂದು ಸುದ್ದಿ ಅಲ್ಲಂತ."

"ನಿಂತಿದ್ದೂ ಅಲ್ಲ, ಬಂದಿದ್ದೂ ಅಲ್ಲ!"

"ಬೀದಿಗೆ ಕೇಳಸತೈತಿ," ಅಂದಳು ಈ ಸಲ ಮೊಮ್ಮಗಳು.

ಸಂಜೆ ಭವಾನಿ ತಿರುವಿನಲ್ಲಿ ಇಳಿದಾಗ ಇನ್ನೂ ಬೆಳಕಿತ್ತು. ಎಸರಿಟ್ಟು, ಹಿಟ್ಟು ನಾದಿ, ದೀಪದ ಹೊತ್ತಿಗೆ ರೊಟ್ಟಿ ಮುಟ್ಟಿಸಬೇಕೆಂದು ಬಿರುಸಾಗಿ ಹೆಜ್ಜೆ ಹಾಕಿದಳು. ಗೇಟಿನ ಹತ್ತಿರ ಬಂದು ನಿಂತಳು. ಒಳಗಿನಿಂದ ಸಪ್ಪಳ ಬರುತ್ತಿತ್ತು. ತಪ್, ತಪ್. ನಡುವೆ ದೀರ್ಘ ಯೋಚನೆ. ಮತ್ತೆ ತಪ್.

ಒಳಗೆ ಟಿವಿ ಬರಿಮೈಯಲ್ಲಿತ್ತು. ಹೊಸ ಕಾರಿನ ಮುಂದೆ ಯಾರೋ ತೆಂಗಿನಕಾಯಿ ಒಡೆಯುತ್ತಿದ್ದರು, ನೋಡುವವರಿಲ್ಲ. ನರಹರಿಯವರು ಅಡುಗೆಮನೆಯ ನೆಲದ ಮೇಲೆ, ಕಲ್ಲಿನ ಮುಂದೆ, ಕನ್ನಡಕಕ್ಕೆಲ್ಲ ಹಿಟ್ಟು ಹಚ್ಚಿಕೊಂಡು ಕೂತಿದ್ದರು. ಗುಣವತಿಯವರು ಸ್ಟೂಲಿನ ಮೇಲೆ ಕೂತು ಸೌಟಿನಿಂದ ದಿಕ್ಕು ತೋರಿಸುತ್ತಿದ್ದರು. ಆದ ರೊಟ್ಟಿಗಳು ಬಿಸಿ ಆರದಂತೆ ಬುಟ್ಟಿಯಲ್ಲಿ, ನೀಲಿ ಅಂಚಿನ ಬಿಳಿ ಟವೆಲ್ಲಿನೊಳಗೆ ಸುತ್ತಿಟ್ಟಿದ್ದವು.

ಭವಾನಿ ಕೀಲಿಯನ್ನು ಮೊಳೆಗೆ ಹಾಕಿದಳು. ಕೈ ತೊಳೆದು ಬಂದು, ಸೆರಗು ಸಿಕ್ಕಿಸಿದಳು.

"ಏಳ್ರಿ ಮಾವಾರ, ನಾ ಮಾಡತೀನಿ. ಬಸ್ ಬಂತಲ್ಲ."

"ಕುಂಡ್ರು," ಅಂದರು ನರಹರಿ, ತಲೆ ಎತ್ತದೆ. "ಬಸ್ ಬಂತಂತ ಕಲ್ತಿದ್ದು ಮರೀಬೇಕೇನು?"

ಅವಳು ನಿಂತೇ ಇದ್ದಳು. ಆ ಹೊತ್ತಿನಲ್ಲಿ ಆ ಮನೆಯಲ್ಲಿ ಕೂರುವುದು ಎಲ್ಲಿ ಎಂದು ಅವಳಿಗೆ ಗೊತ್ತಿರಲಿಲ್ಲ. ಗುಣವತಿಯವರು ಸ್ಟೂಲಿನಿಂದ ಎದ್ದು, ಅದನ್ನು ಸೊಸೆಯ ಕಡೆ ಕಾಲಿನಿಂದ ಸರಿಸಿ, ತಟ್ಟೆ ಹಾಕಿದರು. ಟವೆಲ್ ಬಿಚ್ಚಿ ಒಂದು ರೊಟ್ಟಿ ಎತ್ತಿಕೊಟ್ಟರು. ಭವಾನಿ ಅದನ್ನು ತಿರುಗಿಸಿ, ಬೆಳಕಿಗೆ ಹಿಡಿದಳು. ಒಂದು ಕಡೆ ಕರ್ರಗೆ, ಒಂದು ಕಡೆ ಹಸಿ, ನಡುವೆ ಕಿಟಕಿಯಷ್ಟು ತೂತು.

ನರಹರಿಯವರ ಕೈ ನಿಂತಿತು. "ನಡಿತೈತೇನು?" ಅಂದರು.

ಭವಾನಿ ಒಂದು ತುಂಡು ಮುರಿದು ಬಾಯಿಗಿಟ್ಟು, ಸಾವಕಾಶ ಅಗಿದಳು.

"ತೂತಿಗೆ ಒಂದು ರಟ್ಟು ಹಚ್ಚಿದ್ರ," ಎಂದಳು, "ಕೋಠಿತನಾ ನಡಿತೈತ್ರಿ."